ರಕ್ತಾರ್ಬುದ ಚಿಕಿತ್ಸೆಯಲ್ಲಿ ಸಂಯುಕ್ತ ಔಷಧ ಪದ್ಧತಿ ಮತ್ತು ಕೋಶಮರಣದ ಪರಿಕಲ್ಪನೆ: ಒಂದು ಚಾರಿತ್ರಿಕ ಅವಲೋಕನ

ಆರೋಗ್ಯವಂತ ದೇಹದಲ್ಲಿ ರಕ್ತಕಣಗಳ ಹುಟ್ಟು ಮತ್ತು ಸಾವು ಒಂದಕ್ಕೊಂದು ಸರಿದೂಗಿಕೊಂಡು ನಡೆಯುತ್ತಿರುತ್ತವೆ. ಅಸ್ಥಿಮಜ್ಜೆಯಲ್ಲಿ ಹುಟ್ಟಿದ ಕಣಗಳು ಬಲಿತು, ತಮ್ಮ ಕಾರ್ಯವನ್ನು ಪೂರೈಸಿ, ನಿಯಮಿತ ಅವಧಿಯಲ್ಲಿ ಅಳಿಯುತ್ತವೆ. ಈ ಸಮತೋಲ ಕೆಟ್ಟು, ಬಲಿಯದ ಬಿಳಿಯ ಕಣಗಳು ಅಳಿಯದೆ ಬೆಳೆಯುತ್ತ ಹೋಗುವ ಸ್ಥಿತಿಯೇ ರಕ್ತಾರ್ಬುದ. 1845ರಲ್ಲಿ ಸ್ಕಾಟ್ಲೆಂಡಿನ ಜಾನ್ ಹ್ಯೂಸ್ ಬೆನೆಟ್ ಮತ್ತು ಜರ್ಮನಿಯ ರುಡಾಲ್ಫ್ ವಿರ್ಕೋ ಈ ರೋಗವನ್ನು ಪ್ರತ್ಯೇಕವಾಗಿ ವಿವರಿಸಿದರು. ಎರಡು ವರ್ಷಗಳ ಬಳಿಕ ವಿರ್ಕೋ ಇದಕ್ಕೆ 'ಬಿಳಿಯ ರಕ್ತ' ಎಂಬರ್ಥದ ಗ್ರೀಕ್ ಮೂಲದ 'ಲ್ಯುಕೇಮಿಯ' ಎಂಬ ಹೆಸರನ್ನಿತ್ತರು. ಹೆಸರು ದೊರೆತ ಮೇಲೂ ಒಂದು ಶತಮಾನದ ಕಾಲ ಮಕ್ಕಳ ತೀವ್ರ ರಕ್ತಾರ್ಬುದಕ್ಕೆ ಪರಿಹಾರ ದೊರೆಯಲಿಲ್ಲ. ರೋಗ ಪತ್ತೆಯಾದ ಕೆಲವೇ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಮಗು ಸಾಯುತ್ತಿತ್ತು.

ಇಂದು ಅನುಕೂಲವಂತ ದೇಶಗಳಲ್ಲಿ ತೀವ್ರ ಲಿಂಫಾಯ್ಡ್ ರಕ್ತಾರ್ಬುದಕ್ಕೆ ತುತ್ತಾದ ಪ್ರತಿ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳು ಬದುಕುತ್ತಾರೆ. ಈ ಬದಲಾವಣೆಗೆ ಯಾವುದೇ ಒಂದು ಔಷಧ ಕಾರಣವಲ್ಲ. ಹಲವು ಔಷಧಗಳನ್ನು ಕೂಡಿಸಿ ಕೊಡುವ ಪದ್ಧತಿ ಕಾರಣ. ಆದರೆ ಈ ಪದ್ಧತಿ ರೂಪುಗೊಂಡ ಕಾಲದಲ್ಲಿ, ಔಷಧಗಳ ಪ್ರಭಾವದಿಂದ ರೋಗಕೋಶ ನಿಜವಾಗಿ ಹೇಗೆ ಸಾಯುತ್ತದೆಂಬುದು ಯಾರಿಗೂ ತಿಳಿದಿರಲಿಲ್ಲ. ಪ್ರಯೋಗ ಮೊದಲು ಬಂದಿತು, ಅರಿವು ಅನಂತರ ಬಂದಿತು. ಈ ಎರಡರ ನಡುವಣ ಸಂಬಂಧವನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಏಕೌಷಧ ಯುಗ

ಈ ಇತಿಹಾಸದ ಒಂದು ಮೂಲ ಭಾರತದಲ್ಲಿದೆ. 1928ರಲ್ಲಿ ಮುಂಬಯಿಗೆ ಬಂದ ಬ್ರಿಟಿಷ್ ವೈದ್ಯೆ ಲೂಸಿ ವಿಲ್ಸ್ ಅವರು ಗರ್ಭಿಣಿಯರಲ್ಲಿ ಕಾಣುತ್ತಿದ್ದ ತೀವ್ರ ರಕ್ತಹೀನತೆಯನ್ನು ಅಧ್ಯಯನ ಮಾಡಿ, ಯೀಸ್ಟಿನ ಸಾರದಿಂದ ಅದು ಗುಣವಾಗುವುದನ್ನು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ಸತ್ತ್ವವೇ ಫೋಲಿಕ್ ಆಮ್ಲವೆಂದು ಮುಂದೆ ತಿಳಿದುಬಂದಿತು. ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದ ತಂಡವು 1940ರ ದಶಕದಲ್ಲಿ ಈ ವಸ್ತುವನ್ನು ಸಂಶ್ಲೇಷಿಸಿತು. ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಜನಿಸಿ, ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಓದಿ, 1923ರಲ್ಲಿ ಬಾಸ್ಟನ್ ನಗರವನ್ನು ಸೇರಿದ್ದ ಸುಬ್ಬರಾವ್ ಅವರ ಹೆಸರು ಈ ಚರಿತ್ರೆಯಲ್ಲಿ ಬಹುಕಾಲ ಹಿನ್ನೆಲೆಯಲ್ಲೇ ಉಳಿಯಿತು.

ರಕ್ತ ವೃದ್ಧಿಗೆ ಫೋಲಿಕ್ ಆಮ್ಲ ಅಗತ್ಯವೆಂಬುದು ತಿಳಿದ ಮೇಲೆ, ಅದನ್ನು ರಕ್ತಾರ್ಬುದದ ರೋಗಿಗಳಿಗೂ ಕೊಟ್ಟು ನೋಡಲಾಯಿತು. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ರೋಗಶಾಸ್ತ್ರಜ್ಞ ಸಿಡ್ನಿ ಫಾರ್ಬರ್ ಅವರಿಗೆ, ಇದರಿಂದ ರೋಗವು ತಗ್ಗುವ ಬದಲು ವೇಗ ಪಡೆದಂತೆ ಕಂಡಿತು. ಹಾಗಾದರೆ ಫೋಲಿಕ್ ಆಮ್ಲವನ್ನೇ ತಡೆಯುವ ವಸ್ತುವಿನಿಂದ ರೋಗವೂ ತಡೆಗೊಳ್ಳಬೇಕೆಂಬ ತರ್ಕವು ಇಲ್ಲಿಂದ ಹುಟ್ಟಿತು. ಸುಬ್ಬರಾವ್ ಅವರ ತಂಡ ಒದಗಿಸಿದ ಅಮಿನಾಪ್ಟೆರಿನ್ ಎಂಬ ಫೋಲೇಟ್ ವಿರೋಧಿಯನ್ನು ಫಾರ್ಬರ್ 16 ಮಕ್ಕಳಿಗೆ ಕೊಟ್ಟರು. ಅವರಲ್ಲಿ 10 ಮಕ್ಕಳ ರೋಗಲಕ್ಷಣಗಳು ತಾತ್ಕಾಲಿಕವಾಗಿ ಇಳಿದವು. 1948ರ ಜೂನ್ ತಿಂಗಳಲ್ಲಿ ಪ್ರಕಟವಾದ ವರದಿಯ ಶೀರ್ಷಿಕೆಯಲ್ಲೇ ಈ ಉಪಶಮನ ತಾತ್ಕಾಲಿಕವೆಂಬುದನ್ನು ಫಾರ್ಬರ್ ಒಪ್ಪಿಕೊಂಡಿದ್ದರು.

ಮುಂದಿನ ದಶಕದಲ್ಲಿ ಇನ್ನಷ್ಟು ಔಷಧಗಳು ಬಂದವು. ಬರೋಸ್ ವೆಲ್ಕಮ್ ಸಂಸ್ಥೆಯಲ್ಲಿ ಜಾರ್ಜ್ ಹಿಚಿಂಗ್ಸ್ ಮತ್ತು ಗರ್ಟ್ರೂಡ್ ಎಲಿಯನ್ ಅವರು ಡಿಎನ್ಎಯ ಘಟಕವನ್ನು ಹೋಲುವ, ಆದರೆ ಅದರ ಕೆಲಸ ಮಾಡಲಾರದ 6-ಮರ್ಕ್ಯಾಪ್ಟೊಪ್ಯೂರಿನ್ ಎಂಬ ವಸ್ತುವನ್ನು ರೂಪಿಸಿದರು. 1953ರಲ್ಲಿ ಅದು ಚಿಕಿತ್ಸೆಗೆ ಮಾನ್ಯತೆ ಪಡೆಯಿತು. ಅಮಿನಾಪ್ಟೆರಿನ್ನಿನ ಸ್ಥಾನಕ್ಕೆ ಮೆಥೊಟ್ರೆಕ್ಸೇಟ್ ಬಂದಿತು. ಕಾರ್ಟಿಸೋನ್ ವರ್ಗದ ಹಾರ್ಮೋನುಗಳೂ ಉಪಶಮನವನ್ನು ತಂದವು. ಆದರೆ ಪ್ರತಿ ಬಾರಿಯೂ ಆಗುತ್ತಿದ್ದುದು ಒಂದೇ. ಔಷಧ ಕೊಟ್ಟಾಗ ರೋಗ ಇಳಿಯುತ್ತಿತ್ತು. ಕೆಲವು ತಿಂಗಳಲ್ಲಿ ಮರುಕಳಿಸುತ್ತಿತ್ತು. ಆಗ ಅದೇ ಔಷಧ ನಿಷ್ಫಲವಾಗುತ್ತಿತ್ತು. ಮಗುವನ್ನು ಎರಡು ಬಾರಿ ಸಾಯಿಸುವುದು ಯಾವ ಚಿಕಿತ್ಸೆ ಎಂಬ ಪ್ರಶ್ನೆಯನ್ನು ತಂದೆತಾಯಿಯರಷ್ಟೇ ಅಲ್ಲ, ವೈದ್ಯರೂ ಕೇಳಿಕೊಳ್ಳುವ ಸ್ಥಿತಿ ಅದಾಗಿತ್ತು.

ಸಂಯೋಜನೆಯ ತರ್ಕ

ಔಷಧಗಳನ್ನು ಕೂಡಿಸಬೇಕೆಂಬ ಆಲೋಚನೆಗೆ ಕ್ಷಯರೋಗದ ಚಿಕಿತ್ಸೆಯು ಮೇಲ್ಪಂಕ್ತಿಯಾಗಿತ್ತು. ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟಾಗ ಕ್ಷಯದ ರೋಗಾಣುಗಳು ಅದಕ್ಕೆ ಮಣಿಯದ ಸಂತತಿಯಾಗಿ ಬೆಳೆಯುವುದೂ, ಎರಡನೆಯ ಔಷಧ ಜೊತೆಗೂಡಿದಾಗ ಇದು ತಪ್ಪುವುದೂ 1950ರ ಹೊತ್ತಿಗೆ ಸಿದ್ಧವಾಗಿತ್ತು. ರಕ್ತಾರ್ಬುದದ ಕೋಶಗಳ ಔಷಧ ನಿರೋಧವೂ ಇದೇ ಬಗೆಯದೆಂದು ಲಾಯ್ಡ್ ಲಾ 1952ರಲ್ಲಿ ಇಲಿಗಳ ಮೇಲಣ ಪ್ರಯೋಗಗಳಿಂದ ತೋರಿಸಿದರು. ನಿರೋಧಶಕ್ತಿಯುಳ್ಳ ಕೆಲವು ಕೋಶಗಳು ಔಷಧ ಕೊಡುವುದಕ್ಕಿಂತ ಮೊದಲೇ ಹುಟ್ಟಿಕೊಂಡಿರುತ್ತವೆ. ಔಷಧವು ಉಳಿದವನ್ನು ಕೊಂದು ಇವುಗಳಿಗೆ ದಾರಿ ಮಾಡಿಕೊಡುತ್ತದೆ.

ಇದರ ಲೆಕ್ಕ ಸರಳವಾದುದು. ಹತ್ತು ಲಕ್ಷ ಕೋಶಗಳಲ್ಲಿ ಒಂದು ಮೊದಲನೆಯ ಔಷಧಕ್ಕೂ, ಹತ್ತು ಲಕ್ಷದಲ್ಲಿ ಇನ್ನೊಂದು ಎರಡನೆಯ ಔಷಧಕ್ಕೂ ಮಣಿಯುವುದಿಲ್ಲವೆಂದು ಭಾವಿಸಿದರೆ, ಎರಡಕ್ಕೂ ಮಣಿಯದ ಕೋಶವು ಲಕ್ಷ ಕೋಟಿಗೆ ಒಂದು ಮಾತ್ರ ಇರಬಲ್ಲದು. ಆದರೆ ಈ ಲೆಕ್ಕಕ್ಕೆ ಒಂದು ನಿಬಂಧನೆಯುಂಟು: ಎರಡು ಔಷಧಗಳಿಗೆ ಸಂಬಂಧಿಸಿದ ನಿರೋಧಗಳು ಪರಸ್ಪರ ಸ್ವತಂತ್ರವಾಗಿರಬೇಕು. ಈ ನಿಬಂಧನೆಯ ಮಹತ್ತ್ವವು ಮುಂದೆ ಮೂರು ದಶಕಗಳ ಬಳಿಕ ಪ್ರಕಟವಾಯಿತು.

ಎರಡನೆಯ ಲೆಕ್ಕವನ್ನು ಒದಗಿಸಿದವರು ಅಲಬಾಮ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದ ಹೊವಾರ್ಡ್ ಸ್ಕಿಪ್ಪರ್. ಒಂದೇ ಒಂದು ರೋಗಕೋಶ ಉಳಿದರೂ ಅದು ಬೆಳೆದು ಇಲಿಯನ್ನು ಕೊಲ್ಲಬಲ್ಲದೆಂದು ಅವರು ಕಂಡರು. ನಿರ್ದಿಷ್ಟ ಪ್ರಮಾಣದ ಔಷಧವು ನಿರ್ದಿಷ್ಟ ಸಂಖ್ಯೆಯ ಕೋಶಗಳನ್ನು ಕೊಲ್ಲುವುದಿಲ್ಲ, ಇರುವ ಕೋಶಗಳ ನಿರ್ದಿಷ್ಟ ಪಾಲನ್ನು ಕೊಲ್ಲುತ್ತದೆ ಎಂಬುದು ಅವರ ಇನ್ನೊಂದು ನಿರ್ಣಯ. ಲಕ್ಷ ಕೋಟಿ ಕೋಶಗಳಲ್ಲಿ ಶೇಕಡಾ 99.9ರಷ್ಟು ಸತ್ತರೂ ನೂರು ಕೋಟಿ ಉಳಿಯುತ್ತವೆ. ಆಗ ರೋಗಿ ಗುಣವಾದಂತೆ ಕಾಣುತ್ತಾನೆ, ಆದರೆ ರೋಗ ಹೋಗಿರುವುದಿಲ್ಲ. ಅದೇ ಬಲದ ಚಿಕಿತ್ಸೆ ಮತ್ತೆ ನಡೆದಾಗ ಹತ್ತು ಲಕ್ಷ, ಮೂರನೆಯ ಬಾರಿ ಒಂದು ಸಾವಿರ, ನಾಲ್ಕನೆಯ ಬಾರಿ ಒಂದು ಕೋಶ ಉಳಿದೀತು. ಆದುದರಿಂದ ಉಪಶಮನವು ಚಿಕಿತ್ಸೆಯ ಅಂತ್ಯವಾಗದೆ ಆರಂಭವಾಗಬೇಕು ಎಂಬ ಅಭಿಪ್ರಾಯ ಬಲಗೊಂಡಿತು.

ಎಮಿಲ್ ಫ್ರೈರೈಕ್ ಮತ್ತು ಸಹೋದ್ಯೋಗಿಗಳು 1963ರಲ್ಲಿ ಪ್ರಕಟಿಸಿದ ಪರೀಕ್ಷೆಯು ಇದಕ್ಕೆ ಸಾಕ್ಷ್ಯವನ್ನು ಕೊಟ್ಟಿತು. ಸ್ಟೆರಾಯ್ಡಿನಿಂದ ಉಪಶಮನ ಪಡೆದವರನ್ನು ಜೋಡಿಗಳನ್ನಾಗಿಸಿ ಒಬ್ಬರಿಗೆ 6-ಮರ್ಕ್ಯಾಪ್ಟೊಪ್ಯೂರಿನ್ನನ್ನೂ ಇನ್ನೊಬ್ಬರಿಗೆ ನಿರೌಷಧ ಗುಳಿಗೆಯನ್ನೂ ಕೊಡಲಾಗಿತ್ತು. 21 ಜೋಡಿಗಳ ದಾಖಲೆಯಲ್ಲಿ, ನಿರೌಷಧ ಗುಳಿಗೆ ಪಡೆದ 21 ಮಂದಿಗೂ ರೋಗ ಮರುಕಳಿಸಿತು. ಔಷಧ ಪಡೆದವರಲ್ಲಿ ಆ ಹೊತ್ತಿಗೆ 9 ಮಂದಿಗೆ ಮಾತ್ರ ಮರುಕಳಿಸಿತ್ತು. ವ್ಯತ್ಯಾಸ ಖಚಿತವಾದೊಡನೆ ಪರೀಕ್ಷೆಯನ್ನು ನಿಲ್ಲಿಸುವ ಏರ್ಪಾಡು ಇದರಲ್ಲಿತ್ತು. 1972ರಲ್ಲಿ ಡೇವಿಡ್ ಕಾಕ್ಸ್ ಅವರು ಬದುಕುಳಿಯುವ ಅವಧಿಯ ವಿಶ್ಲೇಷಣೆಗೆ ತಮ್ಮ ಹೊಸ ಸಂಖ್ಯಾಶಾಸ್ತ್ರೀಯ ವಿಧಾನವನ್ನು ಮಂಡಿಸಿದಾಗ ಉದಾಹರಣೆಯಾಗಿ ಬಳಸಿಕೊಂಡದ್ದು ಇದೇ ದತ್ತಾಂಶವನ್ನು. ಇಂದಿಗೂ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಅಭ್ಯಾಸ ಮಾಡುವ ಆ ಅಂಕಿಗಳ ಹಿಂದೆ ಜೀವಗಳಿದ್ದವು ಎಂಬುದನ್ನು ಮರೆಯಲಾಗದು.

ನಾಲ್ಕು ಔಷಧಗಳ ಕೂಟ

ಅಮೆರಿಕದ ಬೆಥೆಸ್ಡದಲ್ಲಿರುವ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಎಮಿಲ್ ಫ್ರೈ ಮತ್ತು ಎಮಿಲ್ ಫ್ರೈರೈಕ್, ಬಫಲೊ ನಗರದಲ್ಲಿ ಜೇಮ್ಸ್ ಹಾಲೆಂಡ್ ಈ ತರ್ಕವನ್ನು ಮುಂದಕ್ಕೆ ಒಯ್ದರು. ಈ ಹೊತ್ತಿಗೆ ನಮ್ಮ ಮನೆಯಂಗಳಗಳಲ್ಲಿ ಕಾಶಿಕಣಗಿಲೆ, ನಿತ್ಯಪುಷ್ಪ ಮೊದಲಾದ ಹೆಸರುಗಳಿಂದ ಪರಿಚಿತವಾದ, ಮೂಲತಃ ಮಡಗಾಸ್ಕರ್ ದ್ವೀಪದ ಸಸ್ಯದಿಂದ ವಿನ್‌ಕ್ರಿಸ್ಟೀನ್ ಎಂಬ ಔಷಧವು ದೊರೆತಿತ್ತು. ವಿನ್‌ಕ್ರಿಸ್ಟೀನ್, ಮೆಥೊಟ್ರೆಕ್ಸೇಟ್, 6-ಮರ್ಕ್ಯಾಪ್ಟೊಪ್ಯೂರಿನ್ ಮತ್ತು ಪ್ರೆಡ್ನಿಸೋನ್ ಎಂಬ ನಾಲ್ಕನ್ನೂ ಒಟ್ಟಿಗೆ ಕೊಡುವ 'ವ್ಯಾಂಪ್' ಚಿಕಿತ್ಸೆ 1962ರಲ್ಲಿ ಆರಂಭವಾಯಿತು. ಪ್ರತಿಯೊಂದು ಔಷಧವೂ ಒಂಟಿಯಾಗಿಯೂ ಪರಿಣಾಮಕಾರಿಯಾಗಿರಬೇಕು; ಅವು ಕೋಶದ ಬೇರೆ ಬೇರೆ ಸ್ಥಾನಗಳ ಮೇಲೆ ವರ್ತಿಸಬೇಕು; ಒಂದರ ವಿಷಗುಣ ಇನ್ನೊಂದರ ವಿಷಗುಣದ ಮೇಲೆ ಬೀಳಬಾರದು ಎಂಬುವು ಆಯ್ಕೆಯ ಸೂತ್ರಗಳಾಗಿದ್ದವು. ವಿನ್‌ಕ್ರಿಸ್ಟೀನ್ ಮತ್ತು ಪ್ರೆಡ್ನಿಸೋನ್ ಮಜ್ಜೆಯನ್ನು ಹೆಚ್ಚು ಕುಗ್ಗಿಸುವುದಿಲ್ಲವಾದುದರಿಂದ ಉಳಿದೆರಡರ ಜೊತೆಗೆ ಅವು ಹೊಂದಿಕೊಂಡವು.

ಈ ಕ್ರಮಕ್ಕೆ ಸಮಕಾಲೀನ ವೈದ್ಯರಿಂದ ಪ್ರಬಲ ವಿರೋಧವಿತ್ತು. ಮೊದಲೇ ಬಳಲಿದ ಮಗುವಿಗೆ ನಾಲ್ಕು ವಿಷಗಳನ್ನು ಒಟ್ಟಿಗೆ ಉಣಿಸುವುದು ಕ್ರೌರ್ಯವೆಂದೂ, ಒಂದು ಔಷಧ ಸೋತ ಮೇಲೆ ಇನ್ನೊಂದನ್ನು ಬಳಸಿದರೆ ಮಗುವಿನ ಆಯುಷ್ಯ ಕೆಲವು ತಿಂಗಳಾದರೂ ಹಿಗ್ಗೀತೆಂದೂ ವಿರೋಧಿಗಳು ವಾದಿಸಿದರು. ಈ ವಾದವನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಚಿಕಿತ್ಸೆಯಿಂದ ಮಜ್ಜೆ ಬರಿದಾದಾಗ ರಕ್ತಸ್ರಾವ ಮತ್ತು ಸೋಂಕು ಮಗುವನ್ನು ಕೊಲ್ಲಬಲ್ಲವಾಗಿದ್ದವು. ರಕ್ತಸ್ರಾವಕ್ಕೆ ಪ್ಲೇಟ್ಲೆಟ್ ಕಣಗಳ ಕೊರತೆಯೇ ಕಾರಣವೆಂದು ಫ್ರೈರೈಕ್ ಅವರ ತಂಡ ಅಳತೆಗಳ ಮೂಲಕ ತೋರಿಸಿ, ಆ ಕಣಗಳನ್ನು ಪೂರೈಸುವ ಕ್ರಮವನ್ನು ಬೆಳೆಸಿತು. ಸ್ವತಃ ಮಗನ ರಕ್ತಾರ್ಬುದವನ್ನು ಕಂಡಿದ್ದ ಐಬಿಎಂ ಸಂಸ್ಥೆಯ ಎಂಜಿನಿಯರ್ ಜಾರ್ಜ್ ಜಡ್ಸನ್ ರಕ್ತಕಣಗಳನ್ನು ಬೇರ್ಪಡಿಸುವ ಯಂತ್ರದ ನಿರ್ಮಾಣದಲ್ಲಿ ನೆರವಾದರು. ಈ ಪೋಷಕ ವ್ಯವಸ್ಥೆ ಇಲ್ಲದಿದ್ದಲ್ಲಿ ಸಂಯುಕ್ತ ಚಿಕಿತ್ಸೆಯು ಅದರ ವಿರೋಧಿಗಳು ಹೇಳಿದಂತೆಯೇ ಆಗುತ್ತಿತ್ತು.

ವ್ಯಾಂಪ್ ಪಡೆದ ಮಕ್ಕಳಲ್ಲಿ ಉಪಶಮನವು ಹಿಂದೆಂದಿಗಿಂತ ದೀರ್ಘವಾಯಿತು. ಆದರೆ ಮಜ್ಜೆ ಶುದ್ಧವಾಗಿದ್ದ ಹಲವರಲ್ಲಿ ರೋಗವು ಮೆದುಳಿನ ಪೊರೆಗಳಲ್ಲಿ ತಲೆದೋರಿತು. ರಕ್ತದಿಂದ ಮೆದುಳಿಗೆ ಔಷಧಗಳು ಸುಲಭವಾಗಿ ದಾಟುವುದಿಲ್ಲ. ಕೋಶಗಳು ಅಲ್ಲಿ ಅಡಗಿದ್ದವು. ಇದಕ್ಕೆ ಉತ್ತರವನ್ನು ರೂಪಿಸಿದವರು 1962ರಲ್ಲಿ ಮೆಂಫಿಸ್ ನಗರದಲ್ಲಿ ಆರಂಭವಾದ ಸೇಂಟ್ ಜೂಡ್ ಆಸ್ಪತ್ರೆಯ ಡೊನಾಲ್ಡ್ ಪಿಂಕೆಲ್. ಉಪಶಮನ ಸಾಧನೆ, ಅದರ ದೃಢೀಕರಣ, ಮೆದುಳಿನ ರಕ್ಷಣೆ, ದೀರ್ಘಕಾಲದ ಮುಂದುವರಿಕೆ ಎಂಬ ನಾಲ್ಕು ಹಂತಗಳ 'ಸಮಗ್ರ ಚಿಕಿತ್ಸೆ'ಯನ್ನು ಅವರು ಯೋಜಿಸಿದರು. 1960ರ ದಶಕದ ಕೊನೆಯಲ್ಲಿ ಆರಂಭವಾದ ಅದರ ಐದನೆಯ ಆವೃತ್ತಿಯಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ದೀರ್ಘಕಾಲ ಬದುಕಿದರು. 'ಗುಣವಾಯಿತು' ಎಂಬ ಮಾತನ್ನು ಈ ರೋಗದ ವಿಷಯದಲ್ಲಿ ಬಳಸಲು ಧೈರ್ಯ ಬಂದದ್ದು ಆಗ. ತಲೆಗೆ ಕೊಟ್ಟ ವಿಕಿರಣದಿಂದ ಬುದ್ಧಿಯ ಬೆಳವಣಿಗೆಗೆ ಕುಂದು, ಬೇರೆ ಗೆಡ್ಡೆಗಳ ಉದ್ಭವ ಮುಂತಾದ ಬೆಲೆಯನ್ನು ತೆರಬೇಕಾದದ್ದು ಅನಂತರ ತಿಳಿಯಿತು. ಅದೇ ಆಸ್ಪತ್ರೆಯು 2009ರಲ್ಲಿ ಪ್ರಕಟಿಸಿದ ಹದಿನೈದನೆಯ ಆವೃತ್ತಿಯಲ್ಲಿ ಈ ವಿಕಿರಣವನ್ನು ಕೈಬಿಟ್ಟು ಔಷಧಗಳಿಂದಲೇ ಆ ಕೆಲಸವನ್ನು ಸಾಧಿಸಲಾಗಿದ್ದು, 498 ಮಕ್ಕಳಲ್ಲಿ ಐದು ವರ್ಷ ಬದುಕುಳಿಯುವ ಪ್ರಮಾಣವು ಶೇಕಡಾ 93.5ರಷ್ಟಿತ್ತು.

ಕೋಶಮರಣದ ಅರಿವು

ವ್ಯಾಂಪ್ ಆರಂಭವಾಗಿ ಹತ್ತು ವರ್ಷಗಳಾದ ಮೇಲೆ, 1972ರಲ್ಲಿ, ಜಾನ್ ಕೆರ್, ಆಂಡ್ರ್ಯೂ ವೈಲಿ ಮತ್ತು ಅಲಸ್ಟೇರ್ ಕರಿ ಅವರು ಕೋಶವು ಸಾಯುವ ಒಂದು ವಿಶಿಷ್ಟ ಕ್ರಮವನ್ನು ವಿವರಿಸಿದರು. ಗಾಯಗೊಂಡ ಕೋಶವು ಉಬ್ಬಿ ಒಡೆಯುತ್ತದೆ; ಆದರೆ ಈ ಕ್ರಮದಲ್ಲಿ ಕೋಶವು ಕುಗ್ಗಿ, ಕೋಶಕೇಂದ್ರವು ಸಾಂದ್ರಗೊಂಡು ಚೂರಾಗಿ, ಉರಿಯೂತಕ್ಕೆ ಎಡೆಗೊಡದೆ ನೆರೆಯ ಕೋಶಗಳಿಗೆ ಆಹಾರವಾಗಿ ಮರೆಯಾಗುತ್ತದೆ. ಅಬರ್ಡೀನ್ ವಿಶ್ವವಿದ್ಯಾನಿಲಯದ ಗ್ರೀಕ್ ಪ್ರಾಧ್ಯಾಪಕ ಜೇಮ್ಸ್ ಕಾರ್ಮ್ಯಾಕ್ ಅವರ ಸಲಹೆಯಂತೆ ಇದಕ್ಕೆ ಎಲೆ ಅಥವಾ ಎಸಳು ಉದುರುವುದನ್ನು ಸೂಚಿಸುವ 'ಅಪಾಪ್ಟೋಸಿಸ್' ಎಂಬ ಹೆಸರಿಡಲಾಯಿತು. ಹಣ್ಣೆಲೆಯನ್ನು ಗಾಳಿ ಕೆಡವಿದಂತೆ ಕಂಡರೂ ತೊಟ್ಟು ಕಳಚುವ ಕೆಲಸವನ್ನು ಗಿಡವೇ ಮಾಡಿರುತ್ತದೆ. ಹಾಗೆಯೇ ಇಲ್ಲಿ ಸಾವಿನ ಸಿದ್ಧತೆ ಕೋಶದೊಳಗೇ ಇರುತ್ತದೆ.

1980ರಲ್ಲಿ ವೈಲಿ ಅವರು, ಥೈಮಸ್ ಗ್ರಂಥಿಯ ಲಿಂಫಾಯ್ಡ್ ಕೋಶಗಳು ಸ್ಟೆರಾಯ್ಡಿನ ಪ್ರಭಾವದಿಂದ ತಮ್ಮ ಡಿಎನ್ಎಯನ್ನು ತಾವೇ ಕತ್ತರಿಸಿಕೊಂಡು ಸಾಯುವುದನ್ನು ತೋರಿಸಿದರು. ಮೂರು ದಶಕಗಳಿಂದ ಮಕ್ಕಳಿಗೆ ಕೊಡುತ್ತಿದ್ದ ಸ್ಟೆರಾಯ್ಡಿನ ಗುಟ್ಟು ಇದರಿಂದ ಬಯಲಾಯಿತು. ಡಿಎನ್ಎಗೆ, ಕೋಶವಿಭಜನೆಯ ತಂತುಗಳಿಗೆ ಹಾನಿ ಮಾಡುವ ಉಳಿದ ಔಷಧಗಳೂ ಬಹುಮಟ್ಟಿಗೆ ಕೋಶವನ್ನು ನೇರವಾಗಿ ಕೊಲ್ಲುವುದಿಲ್ಲ, ಸಾಯಬೇಕೆಂಬ ಸಂಜ್ಞೆಯನ್ನು ಎಬ್ಬಿಸುತ್ತವೆ ಎಂಬುದು 1990ರ ದಶಕದಲ್ಲಿ ಸ್ಪಷ್ಟವಾಯಿತು.

ಈ ಸಂಜ್ಞೆಯನ್ನು ತಡೆಯುವ ಪ್ರೋಟೀನೊಂದು ಅಷ್ಟರಲ್ಲಿ ಪತ್ತೆಯಾಗಿತ್ತು. ಲಿಂಫೋಮಾ ರೋಗದಲ್ಲಿ ವರ್ಣತಂತುಗಳ ಸ್ಥಾನಪಲ್ಲಟದಿಂದ ಅತಿಯಾಗುವ ಬಿಸಿಎಲ್-2 ಎಂಬ ಜೀನು ಕೋಶವಿಭಜನೆಯನ್ನು ಹೆಚ್ಚಿಸುವುದಿಲ್ಲ, ಕೋಶವು ಸಾಯದಂತೆ ಮಾಡುತ್ತದೆ ಎಂದು ಮೆಲ್ಬರ್ನಿನ ಡೇವಿಡ್ ವಾಕ್ಸ್, ಸುಸಾನ್ ಕೋರಿ ಮತ್ತು ಜೆರ್ರಿ ಆಡಮ್ಸ್ 1988ರಲ್ಲಿ ಸಿದ್ಧಪಡಿಸಿದರು. ಅರ್ಬುದವೆಂದರೆ ಅತಿವೃದ್ಧಿ ಎಂದಷ್ಟೇ ತಿಳಿದಿದ್ದ ಕಾಲದಲ್ಲಿ ಇದು ದೃಷ್ಟಿಯನ್ನೇ ಬದಲಿಸಿದ ಸಂಶೋಧನೆ.

ಇಲ್ಲಿ ಹಿಂದಿನ ಲೆಕ್ಕದ ನಿಬಂಧನೆಯನ್ನು ಸ್ಮರಿಸಬೇಕು. ವ್ಯಾಂಪಿನ ನಾಲ್ಕು ಔಷಧಗಳು ನಾಲ್ಕು ಬೇರೆ ಸ್ಥಾನಗಳನ್ನು ಹೊಡೆಯುತ್ತಿದ್ದವೆಂಬುದು ನಿಜ. ಆದರೆ ಆ ನಾಲ್ಕು ದಾರಿಗಳಲ್ಲಿ ಹೆಚ್ಚಿನವು ಕೊನೆಗೆ ಸೇರುವುದು ಒಂದೇ ಬಾಗಿಲನ್ನು: ಮೈಟೊಕಾಂಡ್ರಿಯದ ಹೊರಪೊರೆ ಬಿರಿದು ಮರಣ ಕ್ರಿಯೆ ಆರಂಭವಾಗುವ ಘಟ್ಟವನ್ನು. ಬಿಸಿಎಲ್-2 ಕಾವಲಿರುವುದು ಅಲ್ಲಿಯೇ. ಆ ಬಾಗಿಲು ಭದ್ರವಾಗಿದ್ದಲ್ಲಿ ಕೋಶವು ಪರಸ್ಪರ ಸಂಬಂಧವಿಲ್ಲದ ಹಲವು ಔಷಧಗಳಿಗೆ ಏಕಕಾಲದಲ್ಲಿ ನಿರೋಧ ತೋರಬಲ್ಲದು. ನಿರೋಧಗಳು ಸ್ವತಂತ್ರವೆಂಬ ಊಹೆ ಪೂರ್ಣ ಸತ್ಯವಾಗಿರಲಿಲ್ಲ. ಹಳೆಯ ಔಷಧಗಳನ್ನೇ ಇನ್ನಷ್ಟು ಕೂಡಿಸುತ್ತ ಹೋದರೂ ಕೆಲವು ರೋಗಿಗಳು, ವಿಶೇಷವಾಗಿ ವೃದ್ಧರು, ಉಳಿಯದೆ ಹೋದುದಕ್ಕೆ ಇದೂ ಒಂದು ಕಾರಣ.

ಅರಿವನ್ನು ಆಧರಿಸಿದ ಸಂಯೋಜನೆಗಳು

ಯಾಂತ್ರಿಕ ಕ್ರಿಯೆಯನ್ನು ಅರಿತು ಔಷಧಗಳನ್ನು ಜೋಡಿಸಿದುದರ ಅತ್ಯುತ್ತಮ ನಿದರ್ಶನವು ತೀವ್ರ ಪ್ರೊಮೈಲೊಸೈಟಿಕ್ ರಕ್ತಾರ್ಬುದದ್ದು. ಶಾಂಘೈನ ವಾಂಗ್ ಝೆನ್‌ಯಿ ಅವರ ತಂಡವು ವಿಟಮಿನ್ 'ಎ' ಸಂಬಂಧಿಯಾದ ರೆಟಿನೊಯಿಕ್ ಆಮ್ಲದ ಒಂದು ರೂಪವನ್ನು ಬಳಸಿ, 24 ರೋಗಿಗಳಲ್ಲಿ 23 ಮಂದಿ ಅದೊಂದರಿಂದಲೇ ಸಂಪೂರ್ಣ ಉಪಶಮನ ಹೊಂದಿದ್ದನ್ನು 1988ರಲ್ಲಿ ವರದಿ ಮಾಡಿತು. ಹಾರ್ಬಿನ್ ನಗರದ ಝಾಂಗ್ ಟಿಂಗ್‌ಡಾಂಗ್ ಮತ್ತು ಸಂಗಡಿಗರು ಜನಪದ ಔಷಧವೊಂದನ್ನು ಪರಿಶೀಲಿಸಿ, ಅದರಲ್ಲಿದ್ದ ಪಾಷಾಣವೇ ಈ ರೋಗಕ್ಕೆ ಪರಿಣಾಮಕಾರಿಯೆಂದು 1970ರ ದಶಕದಲ್ಲಿ ಕಂಡುಕೊಂಡಿದ್ದರು. ಈ ರೋಗಕ್ಕೆ ಎರಡು ಜೀನುಗಳ ಬೆಸುಗೆಯಿಂದಾದ ಒಂದು ಪ್ರೋಟೀನು ಮೂಲವೆಂದು ತಿಳಿದಾಗ ಎರಡೂ ಔಷಧಗಳ ಅರ್ಥ ಒಟ್ಟಿಗೆ ಹೊಳೆಯಿತು. ಆ ಪ್ರೋಟೀನಿನ ಒಂದು ಭಾಗವನ್ನು ರೆಟಿನೊಯಿಕ್ ಆಮ್ಲವೂ ಇನ್ನೊಂದು ಭಾಗವನ್ನು ಪಾಷಾಣವೂ ಹಿಡಿದು ಅದನ್ನು ನಾಶಕ್ಕೆ ಒಪ್ಪಿಸುತ್ತವೆ; ಕೋಶವು ಬಲಿಯುತ್ತದೆ ಅಥವಾ ಸಾಯುತ್ತದೆ. ಇಟಲಿಯ ಫ್ರಾನ್ಸೆಸ್ಕೊ ಲೊ-ಕೊಕೊ ಮತ್ತು ಸಹೋದ್ಯೋಗಿಗಳು 2013ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಹೆಚ್ಚಿನ ಅಪಾಯವಿಲ್ಲದ ರೋಗಿಗಳಿಗೆ ಸಾಂಪ್ರದಾಯಿಕ ಕೋಶನಾಶಕಗಳಿಲ್ಲದೆ ಈ ಎರಡನ್ನೇ ಕೊಟ್ಟಾಗ ಎರಡು ವರ್ಷಗಳ ಕೊನೆಗೆ ಶೇಕಡಾ 97ರಷ್ಟು ಮಂದಿ ರೋಗದ ತೊಡಕಿಲ್ಲದೆ ಇದ್ದರು. ಹಳೆಯ ಕ್ರಮದಲ್ಲಿ ಈ ಪ್ರಮಾಣ ಶೇಕಡಾ 86.

ಬಿಸಿಎಲ್-2 ಪ್ರೋಟೀನನ್ನು ತಡೆಯುವ ವೆನೆಟೊಕ್ಲಾಕ್ಸ್ ಅಮೆರಿಕದಲ್ಲಿ 2016ರಲ್ಲಿ ದೀರ್ಘಕಾಲಿಕ ಲಿಂಫಾಯ್ಡ್ ರಕ್ತಾರ್ಬುದಕ್ಕೆ ಮಾನ್ಯತೆ ಪಡೆಯಿತು. ತೀವ್ರ ಮೈಲಾಯ್ಡ್ ರಕ್ತಾರ್ಬುದದಲ್ಲಿ ಅದೊಂದೇ ಸಾಲದು. ಅಝಾಸೈಟಿಡಿನ್ ಜೊತೆಗೂಡಿಸಿ 431 ರೋಗಿಗಳಲ್ಲಿ ನಡೆಸಿದ ಪರೀಕ್ಷೆಯ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ತೀಕ್ಷ್ಣ ಚಿಕಿತ್ಸೆಯನ್ನು ತಾಳಲಾರದ ಈ ವೃದ್ಧ ರೋಗಿಗಳ ಮಧ್ಯಾಂಕ ಜೀವಿತಾವಧಿಯು ಅಝಾಸೈಟಿಡಿನ್ ಮಾತ್ರ ಪಡೆದವರಲ್ಲಿ 9.6 ತಿಂಗಳಿದ್ದು, ಎರಡನ್ನೂ ಪಡೆದವರಲ್ಲಿ 14.7 ತಿಂಗಳಾಯಿತು. ಗಳಿಕೆ ನಿಜ, ಆದರೆ ಅದು ಐದು ತಿಂಗಳ ಗಳಿಕೆ. ಬಿಸಿಎಲ್-2 ಮುಚ್ಚಿದಾಗ ಎಂಸಿಎಲ್-1 ಎಂಬ ಅದರ ಬಂಧುವನ್ನು ಆಶ್ರಯಿಸಿ ಕೆಲವು ಕೋಶಗಳು ಉಳಿಯುತ್ತವೆ.

ಯಾಂತ್ರಿಕ ಅರಿವೊಂದೇ ಯಶಸ್ಸಿಗೆ ಸಾಲದೆಂಬುದಕ್ಕೂ ನಿದರ್ಶನವುಂಟು. ಪಿ53 ಎಂಬ ರಕ್ಷಕ ಪ್ರೋಟೀನನ್ನು ಅದರ ನಿಗ್ರಹದಿಂದ ಬಿಡಿಸಿ ಕೋಶಮರಣವನ್ನು ಪ್ರಚೋದಿಸುವ ಇಡಾಸನುಟ್ಲಿನ್ ಔಷಧವನ್ನು ಸೈಟರಬಿನ್ ಜೊತೆಗೂಡಿಸಿದ ಪರೀಕ್ಷೆಯ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ರೋಗವು ಸ್ಪಂದಿಸಿದ ಪ್ರಮಾಣ ಏರಿದರೂ ರೋಗಿಗಳ ಆಯುಷ್ಯ ಹೆಚ್ಚಲಿಲ್ಲ. ತರ್ಕ ಎಷ್ಟೇ ಸೊಗಸಾಗಿದ್ದರೂ ತೀರ್ಪು ಕೊಡುವುದು ರೋಗಿಯ ಹಾಸಿಗೆಯ ಬಳಿ ನಡೆಯುವ ನಿಯಂತ್ರಿತ ಪರೀಕ್ಷೆಯೇ.

ಭಾರತದ ಸಂದರ್ಭ

ಸಂಯುಕ್ತ ಚಿಕಿತ್ಸೆಯ ಫಲವು ಭಾರತದ ಮಕ್ಕಳಿಗೆ ತಡವಾಗಿ ತಲುಪಿತು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಆರಂಭವಾದದ್ದು 1973ರಲ್ಲಿ. ಪಿಂಕೆಲ್ ಅವರ ಐದನೆಯ ಆವೃತ್ತಿಯ ಫಲ ಆ ವೇಳೆಗೆ ಪ್ರಕಟವಾಗಿತ್ತು. 1980ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಇಯಾನ್ ಮಗ್ರಾತ್ ಅವರ ಸಹಯೋಗದಲ್ಲಿ ಮುಂಬಯಿ, ಚೆನ್ನೈ ಮತ್ತು ದೆಹಲಿಯ ಕೇಂದ್ರಗಳು 'ಎಂಸಿಪಿ-841' ಎಂಬ ಏಕರೂಪದ ಚಿಕಿತ್ಸಾಕ್ರಮವನ್ನು ಕೈಗೊಂಡವು. ಬದುಕುಳಿಯುವ ಪ್ರಮಾಣವು ಇದರಿಂದ ಗಣನೀಯವಾಗಿ ಏರಿತು. ಆದರೆ ಅದೇ ಔಷಧಗಳು ಅದೇ ಪ್ರಮಾಣದಲ್ಲಿ ದೊರೆತರೂ ಇಲ್ಲಿಯ ಫಲಿತಾಂಶ ಶ್ರೀಮಂತ ದೇಶಗಳ ಮಟ್ಟವನ್ನು ಮುಟ್ಟಲಿಲ್ಲ. ತಡವಾದ ರೋಗನಿರ್ಣಯ, ಅಪೌಷ್ಟಿಕತೆ, ಚಿಕಿತ್ಸೆಯ ನಡುವಣ ಸೋಂಕು, ಹಣ ಮತ್ತು ದೂರದ ಕಾರಣದಿಂದ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು - ಇವು ಸಂಯೋಜನೆಯ ಲೆಕ್ಕದಲ್ಲಿ ಸೇರಿರದ ಅಂಶಗಳು.

ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಅನುಭವವು ಇಲ್ಲಿ ಗಮನಾರ್ಹ. ಪ್ರೊಮೈಲೊಸೈಟಿಕ್ ರೋಗಕ್ಕೆ ಪೂರ್ಣ ಸಂಯುಕ್ತ ಚಿಕಿತ್ಸೆಯ ವೆಚ್ಚವನ್ನು ಭರಿಸಲಾರದವರನ್ನು ಗಮನದಲ್ಲಿಟ್ಟು, ಅಲ್ಲಿನ ವೈದ್ಯರು 72 ರೋಗಿಗಳಿಗೆ ಪ್ರಧಾನವಾಗಿ ಪಾಷಾಣವೊಂದನ್ನೇ ಆಧರಿಸಿದ ಚಿಕಿತ್ಸೆ ನೀಡಿ, ಶೇಕಡಾ 86ರಷ್ಟು ಮಂದಿ ಸಂಪೂರ್ಣ ಉಪಶಮನ ಹೊಂದಿದ್ದನ್ನು 2006ರಲ್ಲಿ ಪ್ರಕಟಿಸಿದರು. ಬಡತನದ ಒತ್ತಾಯದಿಂದ ಹೊರಟ ಈ ಪ್ರಯೋಗವು, ಕೋಶನಾಶಕಗಳನ್ನು ಕೈಬಿಡಬಹುದೆಂಬ ಜಾಗತಿಕ ನಿರ್ಣಯಕ್ಕೆ ಮುಂಚಿತವಾಗಿಯೇ ಒಂದು ಸಾಕ್ಷ್ಯವಾಯಿತು.

ಉಪಸಂಹಾರ

ಈ ಅವಲೋಕನದಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಸಂಯುಕ್ತ ಚಿಕಿತ್ಸೆಯು ಕೋಶಮರಣದ ಅರಿವಿನಿಂದ ಹುಟ್ಟಲಿಲ್ಲ. ಔಷಧ ನಿರೋಧದ ಲೆಕ್ಕದಿಂದಲೂ ಸಾಯುತ್ತಿದ್ದ ಮಕ್ಕಳನ್ನು ಕಂಡು ಸುಮ್ಮನಿರಲಾರದ ವೈದ್ಯರ ಹಟದಿಂದಲೂ ಹುಟ್ಟಿತು. ಎರಡನೆಯದಾಗಿ, ಅನಂತರ ಬಂದ ಅರಿವು ಹಳೆಯ ಯಶಸ್ಸನ್ನು ವಿವರಿಸಿತು, ಜೊತೆಗೆ ಅದರ ಮಿತಿಯನ್ನೂ ತೋರಿಸಿ ಹೆಚ್ಚು ಮಂದವಾದ ವಿಷಗಳಿಂದ ಹೆಚ್ಚು ಸಾಧಿಸುವ ದಾರಿಯನ್ನು ತೆರೆಯಿತು. ಮೂರನೆಯದಾಗಿ, ರಕ್ತಪೂರಣ, ಸೋಂಕು ನಿವಾರಣೆ, ಪೌಷ್ಟಿಕ ಆಹಾರ, ಚಿಕಿತ್ಸೆ ಮುಗಿಯುವವರೆಗೆ ಕುಟುಂಬಕ್ಕೆ ಆಸರೆ ಇವೂ ಆ ಸಂಯೋಜನೆಯ ಅಂಗಗಳೇ. ಫಾರ್ಬರ್ ಅವರ 16 ಮಕ್ಕಳಲ್ಲಿ 10 ಮಕ್ಕಳು ಪಡೆದದ್ದು ಕೆಲವು ತಿಂಗಳುಗಳನ್ನು. ಅದನ್ನು ಪೂರ್ಣಾಯುಷ್ಯವಾಗಿಸುವ ವಿದ್ಯೆ ಇಂದು ಬಹುಮಟ್ಟಿಗೆ ಲಭ್ಯವಿದೆ. ಅದು ಯಾವ ಮಗುವಿಗೆ ತಲುಪುತ್ತದೆ ಎಂಬುದನ್ನು ನಿರ್ಧರಿಸುವುದು ಇನ್ನು ಪ್ರಯೋಗಾಲಯವಲ್ಲ, ಸಮಾಜ.